ಶಾಖದಿಂದ ಕೂದಲು ನೇರಗೊಳಿಸುವಿಕೆ: ಆಫ್ರಿಕನ್ ಮೂಲದ ಗುಂಗುರು ಕೂದಲು

ರಾಸಾಯನಿಕಗಳನ್ನು ಬಳಸದೆ, ಕಾಯಿಸಿದ ಬಾಚಣಿಗೆ, ಡ್ರೈಯರ್ ಅಥವಾ ಬಿಸಿ ಫಲಕಗಳ ಸ್ಟ್ರೈಟ್ನರಿನಿಂದ ಬಿಗಿ ಗುಂಗುರು ಕೂದಲನ್ನು ತಾತ್ಕಾಲಿಕವಾಗಿ ನೇರ ಮಾಡುವ ಕ್ರಮ. ಅಮೆರಿಕದ ಕಪ್ಪು ಸಮುದಾಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಬೆಳೆದುಬಂದ ಈ ಕಸುಬಿಗೆ ಹಳೆಯ ಹೆಸರು ‘ಪ್ರೆಸ್’. ಈಗಿನ ಸಲೂನುಗಳಲ್ಲಿ ‘ಸಿಲ್ಕ್ ಪ್ರೆಸ್’ ಎನ್ನುತ್ತಾರೆ. ಚೆನ್ನಾಗಿ ಮಾಡಿದ ಪ್ರೆಸ್ ನೀರು ತಾಗಿದೊಡನೆ ಕರಗಿಹೋಗುತ್ತದೆ, ಕೂದಲು ತನ್ನ ಹುಟ್ಟು ಸುರುಳಿಗೆ ಮರಳುತ್ತದೆ. ಮರಳದೆ ಸೆಟೆದೇ ನಿಂತರೆ ಕೂದಲು ಸುಟ್ಟಿದೆ ಎಂದು ತಿಳಿಯಬೇಕು.

ಯಾವ ಶಾಖವೂ ಕೂದಲಿಗೆ ಪೂರ್ತಿ ನಿರಪಾಯವಲ್ಲ. ‘ಹಾನಿಯಿಲ್ಲದೆ’ ಎಂದು ಸಲೂನಿನವರು ಹೇಳುವಾಗ ಅದರ ಅರ್ಥ, ಆಗುವ ಸವೆತವನ್ನು ಸುರುಳಿ ತಾಳಿಕೊಳ್ಳುವ ಮಿತಿಯಲ್ಲಿ ಇಡುವುದು ಎಂದಷ್ಟೇ. ಈ ಮಿತಿಯನ್ನು ಕಾಯುವುದು ದುಬಾರಿ ಉಪಕರಣವಲ್ಲ, ನೀರಿನ ಲೆಕ್ಕ. ಕೂದಲನ್ನು ನೇರ ಮಾಡುವುದೆಂದರೆ ಅದರೊಳಗಿನ ನೀರನ್ನು ಎಳೆತದಲ್ಲಿಟ್ಟು ಹೊರಡಿಸುವುದು. ನೀರು ಹೋದ ಮೇಲೆ ಕೊಡುವ ಕಾವಿನಿಂದ ನೇರತನ ಸ್ವಲ್ಪವೇ ಹೆಚ್ಚುತ್ತದೆ, ಹಾನಿ ಬಹಳ ಹೆಚ್ಚುತ್ತದೆ. ನೀರು ಹೋಗುವ ಮುಂಚೆಯೇ ಕೊಡುವ ಅತಿ ಕಾವು ಇನ್ನೂ ಕೆಟ್ಟದ್ದು.

ಕೂದಲಿನ ರಚನೆ

ಯಾವ ಜನಾಂಗದ ತಲೆಕೂದಲಾದರೂ ಮೂಲದ್ರವ್ಯ ಕೆರಾಟಿನ್ ಎಂಬ ಪ್ರೋಟೀನೇ. ಆಫ್ರಿಕನ್ ಮೂಲದ ಕೂದಲಿನಲ್ಲಿ ಬೇರೆಯಾಗಿರುವುದು ಆಕಾರ. ಚರ್ಮದೊಳಗಿನ ಕೂದಲ ಕುಳಿಯೇ ಬಾಗಿರುತ್ತದೆ, ಅದರ ಬುಡದ ಗಡ್ಡೆ ಹಿಂದಕ್ಕೆ ತಿರುಗಿಕೊಂಡಿರುತ್ತದೆ; ಹಾಗಾಗಿ ಎಳೆ ಹುಟ್ಟುವಾಗಲೇ ಸುರುಳಿಯಾಗಿ ಹೊರಬರುತ್ತದೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಎಳೆ ದುಂಡಗಿರದೆ ಚಪ್ಪಟೆ ಅಂಡಾಕಾರದಲ್ಲಿರುತ್ತದೆ. ಉದ್ದಕ್ಕೂ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ. ಈ ತಿರುವುಗಳೇ ಅದರ ದುರ್ಬಲ ಜಾಗಗಳು. ಬಾಚುವಾಗ ಎಳೆ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ.

ನೆತ್ತಿಯ ಚರ್ಮದಲ್ಲಿ ಒಸರುವ ಜಿಡ್ಡು ನೇರ ಕೂದಲಿನಲ್ಲಿ ತಾನಾಗಿ ಕೆಳಗಿಳಿಯುತ್ತದೆ. ಸುರುಳಿಯ ತಿರುವುಗಳನ್ನು ದಾಟಿ ಹೋಗಲಾರದು. ಆದ್ದರಿಂದ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಬೆಳವಣಿಗೆಯೂ ನಿಧಾನ. ಯುರೋಪಿಯನ್ ಮೂಲದವರ ಕೂದಲು ದಿನಕ್ಕೆ ಸುಮಾರು 0.4 ಮಿಲಿಮೀಟರ್ ಬೆಳೆದರೆ ಆಫ್ರಿಕನ್ ಮೂಲದವರದು ಸುಮಾರು 0.25 ಮಿಲಿಮೀಟರ್ ಎಂದು ಅಳತೆಗಳು ತೋರಿಸಿವೆ. ಸುಟ್ಟ ಕೂದಲನ್ನು ಕತ್ತರಿಸಿ ಮತ್ತೆ ಬೆಳೆಸಿಕೊಳ್ಳಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎಳೆಯ ಹೊರಗೆ ಒಂದರ ಮೇಲೊಂದು ಹೊದಿಸಿದ ತೆಳು ಪೊರೆಗಳ ಹೊರಪದರ, ಒಳಗೆ ಬಲ ಕೊಡುವ ತಿರುಳು. ತಿರುಳಿನ ಕೆರಾಟಿನ್ ಸರಪಳಿಗಳನ್ನು ಎರಡು ಬಗೆಯ ಬಂಧಗಳು ಮುಖ್ಯವಾಗಿ ಹಿಡಿದಿರುತ್ತವೆ. ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ ಗಟ್ಟಿಯಾದದ್ದು, ನೀರಿಗೆ ಜಗ್ಗದು. ಹೈಡ್ರೋಜನ್ ಬಂಧ ಒಂಟಿಯಾಗಿ ದುರ್ಬಲವಾದರೂ ಸಂಖ್ಯೆಯಲ್ಲಿ ಅಪಾರ. ನೀರು ಸೇರಿದರೆ ಬಿಡುತ್ತದೆ, ಒಣಗಿದರೆ ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಶಾಖದ ಪ್ರೆಸ್ ಕೈಹಾಕಬೇಕಾದದ್ದು ಈ ಎರಡನೆಯದಕ್ಕೆ ಮಾತ್ರ. ರಿಲ್ಯಾಕ್ಸರ್ ಎಂಬ ಕ್ಷಾರದ ಲೇಪ ಮೊದಲನೆಯದನ್ನೇ ಒಡೆಯುತ್ತದೆ, ಆದುದರಿಂದ ಅದರ ಫಲ ಶಾಶ್ವತ.

ಕರ್ನಾಟಕದಲ್ಲಿ ಆಫ್ರಿಕನ್ ಮೂಲದ ಇಂಥ ಗುಂಗುರು ಕೂದಲು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಸಿದ್ದಿ ಸಮುದಾಯದವರಲ್ಲಿ ಕಾಣುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ತಂದ ಆಫ್ರಿಕನ್ನರ ವಂಶದವರು ಇವರಲ್ಲಿ ಬಹುಮಂದಿ.

ಕಾವು ಕೂದಲಿನೊಳಗೆ ಮಾಡುವುದೇನು

ಕೂದಲು ಎಂದೂ ಪೂರ್ತಿ ಒಣಗಿರುವುದಿಲ್ಲ. ಸಾಧಾರಣ ಹವೆಯಲ್ಲಿ ತನ್ನ ತೂಕದ ಶೇ. 10ರಿಂದ 15ರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ನೆನೆದಾಗ ಅದು ಶೇ. 30ರಷ್ಟಾಗುತ್ತದೆ. ಕೆರಾಟಿನ್ ಮೆತ್ತಗಾಗಿ ಹೊಸ ಆಕಾರಕ್ಕೆ ಒಲಿಯಲು ಬೇಕಾದ ಉಷ್ಣತೆ ಈ ನೀರಿನ ಪ್ರಮಾಣವನ್ನೇ ಅವಲಂಬಿಸಿದೆ. ಪೂರ್ತಿ ಒಣಗಿದ ಕೂದಲಿಗೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ನೆನೆದ ಕೂದಲಿಗೆ ಕೋಣೆಯ ಉಷ್ಣತೆಯೇ ಸಾಕು. ರಾತ್ರಿ ಒದ್ದೆ ಜಡೆ ಹೆಣೆದು ಮಲಗಿದವರ ಕೂದಲು ಬೆಳಗ್ಗೆ ಅಲೆಅಲೆಯಾಗಿ ನಿಲ್ಲುವುದು ಇದೇ ಕಾರಣಕ್ಕೆ. ಅಂದರೆ ಸುರುಳಿಯನ್ನು ಬಿಚ್ಚುವ ಕೆಲಸದ ಬಹುಭಾಗವನ್ನು ಕೂದಲು ಒದ್ದೆಯಾಗಿರುವಾಗಲೇ, ಕಡಿಮೆ ಕಾವಿನಲ್ಲಿ, ಎಳೆತದಿಂದಲೇ ಮಾಡಿಬಿಡಬಹುದು. ಬಿಸಿ ಫಲಕಕ್ಕೆ ಉಳಿಯುವುದು ಕೊನೆಯ ನುಣುಪು ಮಾತ್ರ.

ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವ ಅಭ್ಯಾಸ ಇದ್ದವರು ಕೂದಲಿಗೂ ಅದನ್ನೇ ಅನ್ವಯಿಸಿದರೆ ಅನಾಹುತವಾಗುತ್ತದೆ. ಬಟ್ಟೆಯ ಹಬೆ ನೇಯ್ಗೆಯ ಸಂದಿನಿಂದ ಹೊರಟುಹೋಗುತ್ತದೆ. ಕೂದಲಿನೊಳಗಿನ ನೀರು ಹಠಾತ್ತಾಗಿ ಕುದಿದರೆ ಹಬೆಗೆ ಹೊರದಾರಿಯಿರುವುದಿಲ್ಲ. ಎಳೆಯನ್ನು ಒಳಗಿನಿಂದ ಉಬ್ಬಿಸಿ ಗುಳ್ಳೆ ಎಬ್ಬಿಸುತ್ತದೆ. ಚರ್ಮವೈದ್ಯರು ಇದನ್ನು 1986ರಲ್ಲಿ ‘ಬಬಲ್ ಹೇರ್’ ಎಂದು ದಾಖಲಿಸಿದರು. ಸೂಕ್ಷ್ಮದರ್ಶಕದಲ್ಲಿ ಎಳೆಯ ತುಂಬ ತೂತುಗಳು; ಬರಿಗಣ್ಣಿಗೆ ಒರಟಾಗಿ, ಮುಟ್ಟಿದರೆ ಪುಡಿಯಾಗುವ ಕೂದಲು. ಒದ್ದೆ ಕೂದಲಿಗೆ 125 ಡಿಗ್ರಿಯ ಕರ್ಲಿಂಗ್ ಇಕ್ಕುಳವನ್ನು ಒಂದು ನಿಮಿಷ ಹಿಡಿದರೂ ಇಂಥ ಗುಳ್ಳೆಗಳು ಏಳುತ್ತವೆ ಎಂದು ಮುಂದೆ ಪ್ರಯೋಗಗಳು ತೋರಿಸಿದವು.

ಒಣ ಕೂದಲಿಗೂ ಮಿತಿಯಿದೆ. 200 ಡಿಗ್ರಿ ಸಮೀಪಿಸುತ್ತಿದ್ದಂತೆ ಕೆರಾಟಿನ್‌ನ ಟ್ರಿಪ್ಟೊಫಾನ್‌ನಂಥ ಅಮೈನೊ ಆಮ್ಲಗಳು ಒಡೆಯುವುದು ಚುರುಕಾಗುತ್ತದೆ, ಹೊರಪದರದ ಪೊರೆಗಳು ಬಿರುಕುಬಿಡುತ್ತವೆ. ನರೆತ ಕೂದಲಿನಲ್ಲಿ ಇದು ಹಳದಿ ಛಾಯೆಯಾಗಿ ಕಣ್ಣಿಗೇ ಬೀಳುತ್ತದೆ. 220ರಿಂದ 240ರ ಸುಮಾರಿಗೆ ಪ್ರೋಟೀನಿನ ಸುರುಳಿರಚನೆಯೇ ಕುಸಿಯುತ್ತದೆ. ಅದು ಮೊಟ್ಟೆ ಬೆಂದ ಹಾಗೆ, ಹಿಂದಿರುಗುವ ದಾರಿಯಿಲ್ಲ. ಕೂದಲು ಒದ್ದೆಯಿದ್ದರೆ ಈ ಕುಸಿತ 150 ಡಿಗ್ರಿಯ ಆಸುಪಾಸಿಗೇ ಇಳಿದುಬಿಡುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಎಷ್ಟೋ ಸ್ಟ್ರೈಟ್ನರುಗಳ ಗರಿಷ್ಠ ಗುರುತು 450 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 232 ಸೆಲ್ಸಿಯಸ್. ಉಪಕರಣದಲ್ಲಿ ಆ ಗುರುತು ಇದೆ ಎಂಬುದು ಅದನ್ನು ಬಳಸಬಹುದು ಎಂಬುದಕ್ಕೆ ಪ್ರಮಾಣವಲ್ಲ.

ಇತಿಹಾಸ

ಪ್ಯಾರಿಸ್ಸಿನ ಕೇಶಶಿಲ್ಪಿ ಮಾರ್ಸೆಲ್ ಗ್ರಾಟೊ 1872ರ ಸುಮಾರಿಗೆ ಕಾಯಿಸಿದ ಇಕ್ಕುಳದಿಂದ ಕೂದಲಿಗೆ ಅಲೆ ಕೊಡುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದ. ಕಾಯಿಸಿ ಬಳಸುವ ಲೋಹದ ಬಾಚಣಿಗೆಗಳು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ದೊಡ್ಡ ಅಂಗಡಿಗಳ ಅಂಚೆ ಮಾರಾಟದ ಕೆಟಲಾಗುಗಳಲ್ಲಿ ಬಿಕರಿಯಾಗುತ್ತಿದ್ದವು; ಕೊಳ್ಳುತ್ತಿದ್ದವರು ಹೆಚ್ಚಾಗಿ ಬಿಳಿಯ ಮಹಿಳೆಯರು. ಬಾಚಣಿಗೆಯನ್ನು ಕಪ್ಪು ಮಹಿಳೆಯರ ಕಸುಬಾಗಿ ಬೆಳೆಸಿದವರು ಇಬ್ಬರು: ಸೇಂಟ್ ಲೂಯಿಸ್‌ನಲ್ಲಿ ‘ಪೊರೊ’ ಎಂಬ ಉದ್ಯಮ ಕಟ್ಟಿದ ಆನಿ ಟರ್ನ್‌ಬೋ ಮಲೋನ್, ಮತ್ತು ಮೊದಲು ಆಕೆಯ ಸರಕನ್ನೇ ಮಾರುತ್ತಿದ್ದು ಆಮೇಲೆ ಸ್ವಂತ ಕಂಪನಿ ತೆರೆದ ಸಾರಾ ಬ್ರೀಡ್‌ಲವ್. ಈಕೆಯೇ ಮೇಡಂ ಸಿ. ಜೆ. ವಾಕರ್ (1867–1919). ಲೂಸಿಯಾನದ ಡೆಲ್ಟಾದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬದಲ್ಲಿ ಹುಟ್ಟಿ, ಬಟ್ಟೆ ಒಗೆದು ಬದುಕಿ, ಡೆನ್ವರ್‌ನಲ್ಲಿ ವ್ಯಾಪಾರ ಆರಂಭಿಸಿ, 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯೂರಿದಳು.

ಬಿಸಿ ಬಾಚಣಿಗೆಯನ್ನು ಕಂಡುಹಿಡಿದವಳು ವಾಕರ್ ಎಂದು ಎಷ್ಟೋ ಪುಸ್ತಕಗಳು ಇಂದಿಗೂ ಬರೆಯುತ್ತವೆ, ಅದು ನಿಜವಲ್ಲ. ತನ್ನನ್ನು ಕೂದಲು ನೇರ ಮಾಡುವವಳೆಂದು ಕರೆದರೆ ಆಕೆ ಒಪ್ಪುತ್ತಲೂ ಇರಲಿಲ್ಲ. ತಾನು ನೆತ್ತಿಯ ರೋಗ ವಾಸಿಮಾಡಿ ಕೂದಲು ಬೆಳೆಸುವವಳು ಎನ್ನುತ್ತಿದ್ದಳು. ಆಕೆಯ ನಿಜವಾದ ಸಾಧನೆ ಪದ್ಧತಿಯನ್ನು ರೂಪಿಸಿದ್ದರಲ್ಲಿದೆ. ತೊಳೆಯುವುದು, ನೆತ್ತಿಗೆ ಮುಲಾಮು, ಆಮೇಲೆ ಹದವಾದ ಬಾಚಣಿಗೆ ಎಂಬ ಕ್ರಮವನ್ನು ಸಾವಿರಾರು ಮಹಿಳೆಯರಿಗೆ ಕಲಿಸಿ, ಮನೆಗೆಲಸಕ್ಕಿಂತ ಹೆಚ್ಚು ಸಂಪಾದಿಸುವ ದಾರಿ ತೋರಿಸಿದಳು. ಮಲೋನ್ 1918ರಲ್ಲಿ ಪೊರೊ ಕಾಲೇಜನ್ನೇ ಕಟ್ಟಿಸಿದಳು. ವಾಕರ್ ಕಂಪನಿಯಲ್ಲಿ ದುಡಿದ ಮಾರ್ಜರಿ ಜಾಯ್ನರ್ 1928ರಲ್ಲಿ ವಿದ್ಯುತ್ತಿನಿಂದ ಕೂದಲಿಗೆ ಅಲೆ ಕೂರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಳು. ಬಾಚಣಿಗೆಯ ಸುಧಾರಿತ ರೂಪವೊಂದಕ್ಕೆ ಫಿಲಡೆಲ್ಫಿಯದ ವಾಲ್ಟರ್ ಸ್ಯಾಮನ್ಸ್ 1920ರಲ್ಲಿ ಪೇಟೆಂಟ್ ಪಡೆದಿದ್ದ.

ಕಪ್ಪು ಅಮೆರಿಕನ್ನರ ಮನೆಗಳಲ್ಲಿ ಬಿಸಿ ಬಾಚಣಿಗೆ ಅಡುಗೆಮನೆಯ ವಸ್ತುವಾಯಿತು. ಶನಿವಾರ ಸಂಜೆ, ಅದರಲ್ಲೂ ಈಸ್ಟರ್ ಹಬ್ಬದ ಹಿಂದಿನ ದಿನ, ಹುಡುಗಿಯರು ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಕಿವಿಯನ್ನು ಕೈಯಿಂದ ಮಡಚಿ ಹಿಡಿಯುತ್ತಿದ್ದರು. ತಾಯಿಯೋ ದೊಡ್ಡಮ್ಮನೋ ಉರಿಯ ಮೇಲೆ ಕಾಯಿಸಿದ ಹಿತ್ತಾಳೆಯ ಬಾಚಣಿಗೆಯನ್ನು ಜಿಡ್ಡು ಹಚ್ಚಿದ ಕೂದಲಿನ ಬುಡದಿಂದ ಎಳೆಯುತ್ತಿದ್ದರು. ಕಿವಿಯ ಅಂಚಿನ, ಕತ್ತಿನ ಹಿಂಭಾಗದ ಸುಟ್ಟ ಕಲೆಗಳು ಒಂದಿಡೀ ಪೀಳಿಗೆಯ ನೆನಪಿನಲ್ಲಿವೆ. ಒಲೆಯ ಬಾಚಣಿಗೆಗೆ ಉಷ್ಣತೆಯ ಗುರುತೆಲ್ಲಿ? ಬಿಳಿ ಕಾಗದಕ್ಕೆ ಒತ್ತಿ ನೋಡುವುದೇ ಪರೀಕ್ಷೆ. ಕಾಗದ ಕಂದಿದರೆ ಆರಲು ಬಿಡಬೇಕು. ಅನುಭವದ ಕೈಗಳು ಇದನ್ನು ಅಚ್ಚುಕಟ್ಟಾಗಿ ನಡೆಸಿದವು ಎಂಬುದನ್ನು ಮರೆಯಬಾರದು. ಹಾಗೆ ಪ್ರೆಸ್ ಮಾಡಿಕೊಂಡೇ ಉದ್ದ ಕೂದಲು ಉಳಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದರು.

ಇದಕ್ಕೆ ಪ್ರತಿಸ್ಪರ್ಧಿಯಾಗಿ ಬಂದದ್ದು ರಾಸಾಯನಿಕ. ಮೂರು ಸಂಕೇತಗಳ ಟ್ರಾಫಿಕ್ ಸಿಗ್ನಲ್‌ಗೆ 1923ರಲ್ಲಿ ಪೇಟೆಂಟ್ ಪಡೆದ ಗ್ಯಾರೆಟ್ ಮಾರ್ಗನ್, ಅದಕ್ಕೂ ಮುಂಚೆ ಕೂದಲು ನೇರ ಮಾಡುವ ಲೇಪವನ್ನು ಮಾರುತ್ತಿದ್ದ. ಗಂಡಸರಲ್ಲಿ ‘ಕಾಂಕ್’ ಎಂಬ ಕ್ಷಾರದ ಶೈಲಿ ಹಬ್ಬಿತು. ಅದರ ಉರಿ ಹೇಗಿರುತ್ತದೆಂಬುದನ್ನು ಕಪ್ಪು ಅಮೆರಿಕನ್ನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್‌ನ ಆತ್ಮಕಥೆ ವಿವರವಾಗಿ ಹೇಳುತ್ತದೆ. ಶಿಕಾಗೋದಲ್ಲಿ 1954ರಲ್ಲಿ ಆರಂಭವಾದ ಜಾನ್ಸನ್ ಪ್ರಾಡಕ್ಟ್ಸ್‌ನಂಥ ಕಂಪನಿಗಳು ರಿಲ್ಯಾಕ್ಸರನ್ನು ಮನೆಮನೆಗೆ ತಂದವು. ಮಳೆಗೆ ಕೆಡದ ನೇರ ಕೂದಲಿನ ಮುಂದೆ ಬಾಚಣಿಗೆ ಹಿಂದೆ ಸರಿಯಿತು. 1960ರ ದಶಕದ ಕೊನೆಗೆ ಸಹಜ ಗುಂಗುರನ್ನು ದುಂಡಗೆ ಬೆಳೆಸುವ ಆಫ್ರೊ ಶೈಲಿ ರಾಜಕೀಯ ಘೋಷಣೆಯಾದಾಗ ಎರಡೂ ಸ್ವಲ್ಪ ಕಾಲ ಮಂಕಾದವು.

2000ದ ನಂತರದ ಸಹಜ ಕೂದಲಿನ ಚಳವಳಿಯಲ್ಲಿ ಲಕ್ಷಾಂತರ ಮಹಿಳೆಯರು ರಿಲ್ಯಾಕ್ಸರ್ ಬಿಟ್ಟರು. ಬಿಟ್ಟವರೆಲ್ಲ ನೇರ ಕೂದಲಿನ ಆಸೆಯನ್ನೂ ಬಿಟ್ಟರೆಂದಲ್ಲ. ಬೇಕೆನಿಸಿದಾಗ ನೇರ, ಬೇಡವೆನಿಸಿದಾಗ ಸುರುಳಿ ಎಂಬ ಸ್ವಾತಂತ್ರ್ಯ ಅವರಿಗೆ ಬೇಕಿತ್ತು. ಸಿಲ್ಕ್ ಪ್ರೆಸ್ ಹುಟ್ಟಿದ್ದು ಈ ಬೇಡಿಕೆಯಿಂದ: ಜಿಡ್ಡಿನ ಬದಲು ಹಗುರ ಸೀರಮ್, ಒಲೆಯ ಬದಲು ಡಯಲ್ ಇರುವ ಸೆರಾಮಿಕ್ ಅಥವಾ ಟೈಟೇನಿಯಂ ಫಲಕ. ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್‌ನಂಥ ಕಡೆ ಡೊಮಿನಿಕನ್ ಸಲೂನುಗಳು ಇನ್ನೊಂದು ದಾರಿ ತೋರಿಸಿದವು. ಒದ್ದೆ ಕೂದಲನ್ನು ದೊಡ್ಡ ರೋಲರುಗಳಿಗೆ ಸುತ್ತಿ, ತಲೆಯ ಮೇಲೆ ಮುಚ್ಚುವ ಡ್ರೈಯರಿನಡಿ ಕೂರಿಸಿ, ಕೊನೆಯಲ್ಲಿ ದುಂಡು ಬ್ರಷ್ಷಿನಿಂದ ಊದಿ ಒಣಗಿಸುವ ಈ ಕ್ರಮದಲ್ಲಿ ಫಲಕವೇ ಬೇಡ. ಆದರೆ ಬ್ರಷ್ಷನ್ನು ಬಲವಾಗಿ ಜಗ್ಗುವ ಕೈಗೆ ಸಿಕ್ಕರೆ ಬುಡದ ಕೂದಲಿಗೆ ಅದೂ ಕಷ್ಟವೇ.

ಬಾಚಣಿಗೆಯ ಮೇಲಿನ ಆರೋಪ

1968ರಲ್ಲಿ ಚರ್ಮವೈದ್ಯರಾದ ಲೊಪ್ರೆಸ್ಟಿ, ಪಾಪಾ ಮತ್ತು ಕ್ಲಿಗ್‌ಮನ್ ಕಪ್ಪು ಮಹಿಳೆಯರ ನಡುನೆತ್ತಿಯಲ್ಲಿ ಶುರುವಾಗಿ ಸುತ್ತಲೂ ಹರಡುವ, ಕಲೆಗಟ್ಟಿ ಮತ್ತೆ ಕೂದಲು ಹುಟ್ಟದ ಬೋಳನ್ನು ವರ್ಣಿಸಿ ಅದಕ್ಕೆ ‘ಹಾಟ್ ಕೋಂಬ್ ಅಲೊಪೀಶಿಯ’ (ಬಿಸಿ ಬಾಚಣಿಗೆಯ ಬೋಳು) ಎಂದು ಹೆಸರಿಟ್ಟರು. ಕಾದ ಜಿಡ್ಡು ಕೂದಲ ಕುಳಿಗೆ ಇಳಿದು ಅದನ್ನು ಸುಡುತ್ತದೆ ಎಂಬುದು ಅವರ ಊಹೆ. 1992ರಲ್ಲಿ ಸ್ಪರ್ಲಿಂಗ್ ಮತ್ತು ಸೌ ರೋಗಿಗಳ ಅಭ್ಯಾಸವನ್ನೂ ಅಂಗಾಂಶವನ್ನೂ ಪರೀಕ್ಷಿಸಿ, ಬಾಚಣಿಗೆಗೂ ರೋಗಕ್ಕೂ ಸರಿಯಾದ ತಾಳೆ ಕಾಣುವುದಿಲ್ಲ ಎಂದರು. ಹೆಸರು ಬದಲಾಗುತ್ತ ಬಂದು ಈಗ ಅದನ್ನು ಸಿಸಿಸಿಎ (ಸೆಂಟ್ರಲ್ ಸೆಂಟ್ರಿಫ್ಯೂಗಲ್ ಸಿಕಾಟ್ರಿಶಿಯಲ್ ಅಲೊಪೀಶಿಯ) ಎಂಬ ನಾಲ್ಕಕ್ಷರದಿಂದ ಗುರುತಿಸುತ್ತಾರೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನ, ಪರೀಕ್ಷಿಸಿದ ರೋಗಿಗಳ ಸುಮಾರು ಕಾಲು ಭಾಗದಲ್ಲಿ ಕೂದಲೆಳೆಯ ರಚನೆಗೆ ಬೇಕಾದ ಪಿಎಡಿಐ3 ಎಂಬ ಜೀನಿನ ದೋಷವನ್ನು ಕಂಡಿತು. ಬಾಚಣಿಗೆ ಪೂರ್ತಿ ನಿರ್ದೋಷಿ ಎಂದಲ್ಲ. ಆದರೆ ಒಂದು ಸಮುದಾಯದ ಹೆಂಗಸರಿಗೆ ಕಾಯಿಲೆ ಬಂದಾಗ ಮೊದಲು ಅವರ ಅಲಂಕಾರದ ಮೇಲೆ ಬೆರಳು ತೋರಿಸುವ ಅಭ್ಯಾಸ ವೈದ್ಯಕೀಯದಲ್ಲಿ ಎಷ್ಟು ಕಾಲ ಉಳಿಯಿತು ಎಂಬುದಕ್ಕೆ ಇದು ಉದಾಹರಣೆ. ನಡುನೆತ್ತಿ ತೆಳುವಾಗುತ್ತಿದ್ದರೆ, ಉರಿ ಅಥವಾ ನೋವಿದ್ದರೆ, ಕೇಶಾಲಯಕ್ಕಿಂತ ಮೊದಲು ಚರ್ಮವೈದ್ಯರ ಬಳಿ ಹೋಗಬೇಕು. ತಡವಾದರೆ ಕಳೆದುಹೋದ ಕುಳಿಗಳು ಮರಳುವುದಿಲ್ಲ.

ರಾಸಾಯನಿಕಗಳ ಲೆಕ್ಕ ಬೇರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ‘ಸಿಸ್ಟರ್ ಸ್ಟಡಿ’ 33,497 ಮಹಿಳೆಯರನ್ನು ವರ್ಷಗಳ ಕಾಲ ಗಮನಿಸಿ 2022ರಲ್ಲಿ ವರದಿ ನೀಡಿತು. ನೇರಗೊಳಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64 ಇದ್ದರೆ, ಮೇಲಿಂದ ಮೇಲೆ ಬಳಸಿದವರಲ್ಲಿ ಶೇ. 4.05 ಎಂಬ ಅಂದಾಜು ಅದರಲ್ಲಿತ್ತು. ಇದು ಸಂಬಂಧವನ್ನು ತೋರಿಸುವ ಲೆಕ್ಕವೇ ಹೊರತು ಕಾರಣವನ್ನು ಸಿದ್ಧಪಡಿಸಿದ್ದಲ್ಲ. ಆದರೂ ರಿಲ್ಯಾಕ್ಸರಿನಿಂದ ಶಾಖದ ಕಡೆಗೆ ಹೊರಳಲು ಹಲವರಿಗೆ ಇದು ಇನ್ನೊಂದು ಕಾರಣವಾಯಿತು. ‘ಕೆರಾಟಿನ್ ಟ್ರೀಟ್‌ಮೆಂಟ್’ ಎಂದು ಕರೆಯುವ ಬ್ರೆಜಿಲ್ ಮೂಲದ ಕ್ರಮವನ್ನು ಶಾಖದ ಪ್ರೆಸ್ ಎಂದು ತಿಳಿಯಬಾರದು. ಅದರ ಎಷ್ಟೋ ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ.

ವಿಧಾನ

ಕೆಲಸ ಶುರುವಾಗುವುದು ತೊಳೆಯುವುದರಿಂದ. ಹಿಂದೆ ಕೂದಲಿಗೆ ಹಚ್ಚಿದ ಬೆಣ್ಣೆ, ಜೆಲ್, ಸಿಲಿಕೋನ್‌ಗಳ ಪದರ ಉಳಿದಿದ್ದರೆ ಫಲಕದಡಿ ಅದು ಬೇಯುತ್ತದೆ, ಕೂದಲು ಅಂಟಂಟಾಗಿ ಭಾರವಾಗಿ ಬೀಳುತ್ತದೆ. ಆದ್ದರಿಂದ ಆಳವಾಗಿ ಶುಚಿ ಮಾಡುವ ಶಾಂಪೂ, ಅದರ ಬೆನ್ನಿಗೆ ಕಂಡೀಶನರ್. ಕಂಡೀಶನರ್ ಇರುವಾಗಲೇ ಬೆರಳುಗಳಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಬಣ್ಣ ಅಥವಾ ಬ್ಲೀಚ್ ಆಗಿರುವ, ಈಗಾಗಲೇ ರಿಲ್ಯಾಕ್ಸರ್ ಕಂಡಿರುವ ಕೂದಲಿಗೆ ತಾಳಿಕೆ ಕಡಿಮೆ. ಅಂಥವರಿಗೆ ಒಳ್ಳೆಯ ಕೇಶವಿನ್ಯಾಸಕರು ಪ್ರೆಸ್ ಬೇಡವೆಂದೇ ಹೇಳುವುದುಂಟು.

ಒಣಗಿಸುವುದು ಇಡೀ ಕ್ರಮದ ತಿರುಳು. ನೀರನ್ನು ಟವೆಲಿನಿಂದ ಉಜ್ಜದೆ ಹಿಂಡಿ ತೆಗೆದು, ಶಾಖರಕ್ಷಕವನ್ನು ಎಲ್ಲ ಎಳೆಗಳಿಗೂ ತಲುಪುವಂತೆ ಸವರಿ, ಕೂದಲನ್ನು ಭಾಗಗಳಾಗಿ ಪಿನ್ನು ಹಾಕಿ ಎತ್ತಿಡುತ್ತಾರೆ. ಒಂದೊಂದು ಭಾಗವನ್ನೂ ಕೈಯಿಂದಲೋ ಬ್ರಷ್ಷಿನಿಂದಲೋ ಬಿಗಿಯಾಗಿ ಹಿಡಿದು, ಡ್ರೈಯರಿನ ಗಾಳಿ ಬುಡದಿಂದ ತುದಿಯ ಕಡೆಗೆ ಹಾಯುವಂತೆ ಮಧ್ಯಮ ಕಾವಿನಲ್ಲಿ ಊದಬೇಕು. ಈ ಹಂತ ಮುಗಿಯುವಾಗ ಕೂದಲು ಬಹುಪಾಲು ನೀಳವಾಗಿಯೇ ನಿಂತಿರಬೇಕು ಮತ್ತು ಬುಡದವರೆಗೆ ಒಣಗಿರಬೇಕು. ಅವಸರದ ಸಲೂನುಗಳು ಉಳಿಸುವ ಸಮಯ ಇಲ್ಲಿಯದೇ. ಆ ಕೊರತೆಯನ್ನು ಆಮೇಲೆ ಫಲಕದ ಕಾವು ಏರಿಸಿ ತುಂಬಲು ನೋಡುತ್ತಾರೆ, ಬಹಳಷ್ಟು ಹಾನಿ ಅಲ್ಲಿಯೇ ಹುಟ್ಟುತ್ತದೆ.

ಇನ್ನು ಫಲಕ. ಅರ್ಧದಿಂದ ಒಂದು ಅಂಗುಲ ಅಗಲದ ತೆಳು ಪದರ ತೆಗೆದುಕೊಂಡು, ಸಣ್ಣ ಹಲ್ಲಿನ ಬಾಚಣಿಗೆಯನ್ನು ಮುಂದೆ ಓಡಿಸುತ್ತ ಅದರ ಬೆನ್ನಿಗೇ ಫಲಕವನ್ನು ಒಂದೇ ವೇಗದಲ್ಲಿ ತುದಿಯವರೆಗೆ ಎಳೆಯುತ್ತಾರೆ. ಎಲ್ಲಿಯೂ ನಿಲ್ಲಬಾರದು. ಒಂದು ಸಲ ಎಳೆದರೆ ಸಾಕಾಗಬೇಕು, ಹೆಚ್ಚೆಂದರೆ ಎರಡು. ತೆಳು ಎಳೆಯ ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್‌ನ ಸುತ್ತ, ಸಾಧಾರಣದ್ದಕ್ಕೆ 160ರಿಂದ 180, ದಪ್ಪ ಎಳೆಯ ಬಿಗಿ ಸುರುಳಿಗೆ 190ರವರೆಗೆ ಎಂಬುದು ವಿವೇಕದ ಲೆಕ್ಕ. ಸುರುಳಿ ಬಿಗಿಯಾಗಿದೆ ಎಂದಮಾತ್ರಕ್ಕೆ ಎಳೆ ದಪ್ಪವಿರಬೇಕಿಲ್ಲ. ನೋಡಲು ಪೊದೆಯಂತೆ ದಟ್ಟವಾಗಿದ್ದರೂ ಒಂದೊಂದು ಎಳೆ ಬಹಳ ನಾಜೂಕಾಗಿರುವ ತಲೆಗಳು ಎಷ್ಟೋ ಇವೆ, ಅವನ್ನೇ ಗರಿಷ್ಠ ಕಾವಿನಲ್ಲಿ ಸುಡುವುದು ಎಲ್ಲೆಡೆ ಕಾಣುವ ತಪ್ಪು. ಚುಯ್ ಎಂಬ ಸದ್ದು ಬಂದರೆ ನೀರು ಉಳಿದಿದೆ. ಸುಟ್ಟ ವಾಸನೆ ಬಂದರೆ ಪ್ರೋಟೀನೇ ಹೋಗುತ್ತಿದೆ. ಎರಡರಲ್ಲೂ ಕೈ ನಿಲ್ಲಿಸಬೇಕು.

ಹಳೆಯ ಬಾಚಣಿಗೆಯ ಪದ್ಧತಿಯಲ್ಲಿ ಸಾಫ್ಟ್, ಮೀಡಿಯಂ, ಹಾರ್ಡ್ ಎಂದು ಮೂರು ದರ್ಜೆಗಳಿವೆ. ಸಾಫ್ಟ್ ಪ್ರೆಸ್‌ನಲ್ಲಿ ಬಾಚಣಿಗೆ ಪ್ರತಿ ಬದಿಗೆ ಒಮ್ಮೆ ಹಾಯುತ್ತದೆ, ಸುರುಳಿಯ ಅರ್ಧಕ್ಕಿಂತ ತುಸು ಹೆಚ್ಚು ಬಿಚ್ಚಿಕೊಳ್ಳುತ್ತದೆ. ಹಾರ್ಡ್ ಪ್ರೆಸ್‌ನಲ್ಲಿ ಎರಡೆರಡು ಸಲ, ಸುರುಳಿ ಪೂರ್ತಿ ಮಾಯ. ಹಲ್ಲಿಗಿಂತ ಬಾಚಣಿಗೆಯ ಬೆನ್ನಿನ ದಪ್ಪ ಪಟ್ಟಿಯೇ ನೇರ ಮಾಡುವುದು ಎಂಬುದು ಕಸುಬಿನವರಿಗೆ ಮಾತ್ರ ಹೊಳೆಯುವ ಸಂಗತಿ. ಹಣೆಯಂಚಿನ ಮತ್ತು ಹಿಂಗತ್ತಿನ ಗಿಡ್ಡ ಕೂದಲಿಗೆ ಫಲಕ ತಲುಪದ ಕಾರಣ ಬಾಚಣಿಗೆ ಇಂದಿಗೂ ಸಲೂನಿನ ಮೇಜಿನ ಮೇಲಿದೆ.

ಕೂದಲು ಆರುವ ಮುಂಚೆ ಮುಟ್ಟಿ ಬಾಗಿಸಬಾರದು, ಬಿಸಿಯಲ್ಲಿ ಯಾವ ಆಕಾರದಲ್ಲಿದೆಯೋ ತಣ್ಣಗಾದಾಗ ಅದೇ ನಿಲ್ಲುತ್ತದೆ. ನೇರವಾಗಿರುವಾಗ ಸೀಳಿದ ತುದಿಗಳು ಸ್ಪಷ್ಟವಾಗಿ ಕಾಣುವುದರಿಂದ ಟ್ರಿಮ್ ಮಾಡಿಸಿಕೊಳ್ಳಲು ಅದೇ ಸಮಯ.

ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಕಪ್ಪು ಜನರ ಕೂದಲಿನ ಆರೈಕೆಗೆ ಕೊಡುವ ಸಲಹೆಯಲ್ಲಿ ಮೂರು ಮಾತುಗಳಿವೆ: ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಬೇಡ, ಡಯಲ್ ಇರುವ ಸೆರಾಮಿಕ್ ಉಪಕರಣವನ್ನೇ ಬಳಸಿ, ಬೇಕಾದ ಫಲ ಕೊಡುವ ಅತಿ ಕಡಿಮೆ ಉಷ್ಣತೆಯನ್ನು ಆರಿಸಿ. ವಾರಕ್ಕೊಮ್ಮೆ ಎಂಬುದು ಮೇಲ್ಮಿತಿ. ಸುರುಳಿಯನ್ನು ಕಾಪಾಡಿಕೊಳ್ಳಬೇಕೆಂಬವರು ತಿಂಗಳಿಗೊಮ್ಮೆಗೆ ಅಥವಾ ಅದಕ್ಕೂ ಕಡಿಮೆಗೆ ಇಳಿಸಿಕೊಳ್ಳುವುದು ಲೇಸು.

ಶಾಖರಕ್ಷಕಗಳು

ಡೈಮೆಥಿಕೋನ್‌ನಂಥ ಸಿಲಿಕೋನ್‌ಗಳು, ಪದರ ಕಟ್ಟುವ ಪಾಲಿಮರುಗಳು, ಒಡೆದ ಪ್ರೋಟೀನುಗಳು ಶಾಖರಕ್ಷಕಗಳಲ್ಲಿರುತ್ತವೆ. ಇವು ಕಾವನ್ನು ತಡೆಯುವುದಿಲ್ಲ, ಒಳಗಿಳಿಯುವುದನ್ನು ತಡಮಾಡುತ್ತವೆ ಮತ್ತು ಎಳೆಯುದ್ದಕ್ಕೂ ಸಮನಾಗಿ ಹರಡುತ್ತವೆ. ಜೊತೆಗೆ ಫಲಕ ಜಾರುವಂತೆ ಮಾಡಿ ಉಜ್ಜಾಟ ತಗ್ಗಿಸುತ್ತವೆ. ಬಾಟಲಿಯ ಮೇಲೆ ‘450 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ರಕ್ಷಣೆ’ ಎಂದಿದ್ದರೆ ಅದನ್ನು ಪರವಾನಗಿಯಂತೆ ಓದಬಾರದು. ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇಂಥ ಲೇಪಗಳು ಬಿಸಿಯಾದಾಗ ಆವಿಯಾಗುವ ಸಿಲಾಕ್ಸೇನ್‌ಗಳು ಮನೆಯೊಳಗಿನ ಗಾಳಿಗೆ ಸೇರುವುದನ್ನು ಅಳೆದು ತೋರಿಸಿದರು. ಉಷ್ಣತೆ ಏರಿದಂತೆ ಆವಿಯೂ ಏರುತ್ತಿತ್ತು. ಬಚ್ಚಲುಮನೆಯ ಬಾಗಿಲು ಮುಚ್ಚಿಕೊಂಡು ಪ್ರೆಸ್ ಮಾಡುವವರು ಕಿಟಕಿಯನ್ನಾದರೂ ತೆರೆದಿಡಬೇಕು.

ಉಳಿಸಿಕೊಳ್ಳುವುದು

ಒಳ್ಳೆಯ ಪ್ರೆಸ್ ಒಂದರಿಂದ ಎರಡು ವಾರ ನಿಲ್ಲುತ್ತದೆ. ಶತ್ರು ತೇವ: ಬೆವರು, ಮಂಜು, ಸ್ನಾನದ ಹಬೆ. ರಾತ್ರಿ ಕೂದಲನ್ನು ತಲೆಯ ಸುತ್ತ ಚಪ್ಪಟೆಯಾಗಿ ಬಾಚಿ ಸುತ್ತಿ, ಮೇಲೆ ರೇಷ್ಮೆ ಅಥವಾ ಸ್ಯಾಟಿನ್ ವಸ್ತ್ರ ಕಟ್ಟಿ ಮಲಗುತ್ತಾರೆ. ಹತ್ತಿಯ ದಿಂಬು ಜಿಡ್ಡನ್ನು ಹೀರುತ್ತದೆ, ಉಜ್ಜುತ್ತದೆ. ಗ್ಲಿಸರಿನ್ ಇರುವ ಕ್ರೀಮುಗಳು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಆ ದಿನಗಳಲ್ಲಿ ಬೇಡ. ಕೆದರಿದ್ದನ್ನು ಸರಿಪಡಿಸಲು ದಿನವೂ ಫಲಕ ಎತ್ತಿಕೊಳ್ಳುವವರು ಒಂದು ಪ್ರೆಸ್ಸಿನ ಹೆಸರಿನಲ್ಲಿ ಹತ್ತು ಪ್ರೆಸ್ಸಿನ ಸವೆತ ತಂದುಕೊಳ್ಳುತ್ತಾರೆ.

ಬೆವರಿನ ಭಯ ಸಣ್ಣ ವಿಷಯವಲ್ಲ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ರೆಜಿನಾ ಬೆಂಜಮಿನ್ 2011ರಲ್ಲಿ ಅಟ್ಲಾಂಟದ ಕೇಶೋದ್ಯಮದ ಮೇಳದಲ್ಲಿಯೇ ಈ ಮಾತೆತ್ತಿದರು: ಕೂದಲು ಕೆಡುತ್ತದೆಂದು ವ್ಯಾಯಾಮ ತಪ್ಪಿಸಬೇಡಿ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 103 ಆಫ್ರಿಕನ್ ಅಮೆರಿಕನ್ ಮಹಿಳೆಯರ ಪೈಕಿ ಸುಮಾರು ಶೇ. 40 ಮಂದಿ ಕೂದಲಿನ ಕಾರಣಕ್ಕೆ ಒಮ್ಮೊಮ್ಮೆ ವ್ಯಾಯಾಮ ಬಿಡುವುದಾಗಿ ಹೇಳಿದ್ದರು.

ಆಯ್ಕೆ ಮತ್ತು ಒತ್ತಾಯ

ಕೂದಲು ನೇರ ಮಾಡಿಕೊಳ್ಳುವುದು ಬಿಳಿಯರ ಅನುಕರಣೆಯೇ ಎಂಬ ವಾದ ವಾಕರಳ ಕಾಲದಿಂದಲೂ ಕಪ್ಪು ಸಮುದಾಯದೊಳಗೇ ನಡೆದಿದೆ. ಅದಕ್ಕೆ ಒಂದೇ ಉತ್ತರವಿಲ್ಲ. ಬೇಸಿಗೆಯಲ್ಲಿ ಜಡೆ, ಚಳಿಗಾಲದಲ್ಲಿ ಪ್ರೆಸ್ ಎಂದು ಬದಲಾಯಿಸುವವರಿಗೆ ಅದು ಅಲಂಕಾರ ಮಾತ್ರ. ಆದರೆ ಕೆಲಸ ಸಿಗಬೇಕಾದರೆ ನೇರ ಕೂದಲೇ ಬೇಕೆಂದಾಗ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 2016ರಲ್ಲಿ, ಜಟೆಗೂದಲಿನ ಮೇಲಿನ ಉದ್ಯೋಗದಾತರ ನಿಷೇಧ ಜನಾಂಗ ಭೇದವಾಗದು, ಕೇಶಶೈಲಿ ಬದಲಾಯಿಸಬಹುದಾದ್ದು ಎಂದು ತೀರ್ಪಿತ್ತಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಪ್ರಿಟೋರಿಯ ಬಾಲಕಿಯರ ಪ್ರೌಢಶಾಲೆಯಲ್ಲಿ ಸಹಜ ಕೂದಲಿನ ಮೇಲಿನ ನಿಯಮಗಳ ವಿರುದ್ಧ ವಿದ್ಯಾರ್ಥಿನಿಯರು ಪ್ರತಿಭಟಿಸಿದರು. ಕ್ಯಾಲಿಫೋರ್ನಿಯ 2019ರಲ್ಲಿ ‘ಕ್ರೌನ್ ಕಾಯ್ದೆ’ ತಂದು ಕೂದಲಿನ ಸಹಜ ಸ್ವರೂಪದ ಆಧಾರದ ಭೇದವನ್ನು ನಿಷೇಧಿಸಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಹಿಂಬಾಲಿಸಿದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾದರೂ ಸೆನೆಟ್ ದಾಟಲಿಲ್ಲ.

ಶಾಖವಿಲ್ಲದ ದಾರಿಗಳು

ಸುರುಳಿಯನ್ನು ಪೂರ್ತಿ ಅಳಿಸದೆ ಉದ್ದವಾಗಿಸಿದರೆ ಸಾಕೆನ್ನುವವರಿಗೆ ಪಶ್ಚಿಮ ಆಫ್ರಿಕದ ದಾರ ಸುತ್ತುವ ಕ್ರಮ ಹಳೆಯ ಉತ್ತರ. ನೈಜೀರಿಯದ ಯೊರುಬರು ಇದನ್ನು ‘ಇರುನ್ ಕಿಕೊ’ ಎನ್ನುತ್ತಾರೆ. ಸ್ವಲ್ಪ ತೇವವಿರುವ ಕೂದಲಿನ ಎಸಳುಗಳಿಗೆ ಬುಡದಿಂದ ತುದಿಯವರೆಗೆ ಬಿಗಿಯಾಗಿ ದಾರ ಸುತ್ತಿ ರಾತ್ರಿ ಬಿಟ್ಟರೆ, ಬಿಚ್ಚಿದಾಗ ಡ್ರೈಯರ್ ಹಿಡಿದಷ್ಟೇ ನೀಳವಾಗಿರುತ್ತದೆ. ಪ್ರೆಸ್‌ಗೆ ಮುಂಚಿನ ಒಣಗಿಸುವ ಹಂತಕ್ಕೆ ಇದನ್ನೇ ಬಳಸಿ ಕಾವಿನ ಒಂದು ಸುತ್ತನ್ನು ಉಳಿಸುವ ಜಾಣರೂ ಇದ್ದಾರೆ. ಇನ್ನೊಂದು ದಾರಿ ವೀವ್: ಸ್ವಂತ ಕೂದಲನ್ನು ಒಳಗೆ ಹೆಣೆದು ಮೇಲೆ ಬೇರೆ ಕೂದಲು ಹೊಲಿಯುವುದು. ತಿರುಮಲದಂಥ ದೇವಾಲಯಗಳಲ್ಲಿ ಮುಡಿ ಕೊಟ್ಟ ಭಾರತೀಯ ಕೂದಲು ಇದಕ್ಕೆ ಹೆಸರುವಾಸಿ. ಅಮೆರಿಕದ ಹಾಸ್ಯನಟ ಕ್ರಿಸ್ ರಾಕ್‌ನ 2009ರ ‘ಗುಡ್ ಹೇರ್’ ಸಾಕ್ಷ್ಯಚಿತ್ರ ಆ ವ್ಯಾಪಾರದ ಜಾಡನ್ನು ಹಿಡಿದು ಭಾರತಕ್ಕೆ ಬಂದಿತ್ತು. ವೀವ್ ತನ್ನ ಕೂದಲಿಗೆ ಬಿಡುವು ಎಂದುಕೊಂಡವರು ಒಂದು ಸಂಗತಿ ಗಮನಿಸಬೇಕು. ಹೊಲಿಗೆ ಮುಚ್ಚಲು ಬೈತಲೆಯ ಬಳಿ ಹೊರಗೆ ಬಿಡುವ ಸ್ವಂತ ಕೂದಲನ್ನು ಆ ನೇರ ಕೂದಲಿಗೆ ಹೊಂದಿಸಲು ಪದೇಪದೇ ಫಲಕ ಹಿಡಿಯುತ್ತಾರೆ, ಇಡೀ ತಲೆಯಲ್ಲಿ ಮೊದಲು ಸುಡುವುದು ಆ ಒಂದು ಹಿಡಿ.

ಶಾಖದ ಪರವಾಗಿಯೂ ಒಂದು ಮಾತಿದೆ. ಬಿಗಿ ಸುರುಳಿಯ ಕೂದಲು ತುಂಡಾಗುವುದು ಹೆಚ್ಚಾಗಿ ಬಾಚುವಾಗ ಮತ್ತು ಎಳೆ ತನಗೆ ತಾನೇ ಗಂಟು ಹಾಕಿಕೊಂಡಾಗ. ನೀಳವಾಗಿಸಿದ ಕೂದಲಿನಲ್ಲಿ ಎರಡೂ ಕಡಿಮೆ. ಹದವರಿತು ಅಪರೂಪಕ್ಕೆ ಮಾಡಿದ ಪ್ರೆಸ್ ಕೆಲವರಿಗೆ ಉದ್ದ ಉಳಿಸಿಕೊಳ್ಳಲು ನೆರವಾಗುವುದು ಇದರಿಂದಲೇ.

ಹಾನಿಯ ಗುರುತು ಮತ್ತು ಮುಂದಿನ ದಾರಿ

ತೊಳೆದ ಮೇಲೆ ಕನ್ನಡಿಯಲ್ಲಿ ನೋಡುವುದೇ ಪರೀಕ್ಷೆ. ಬುಡ ಸುರುಳಿಗೊಂಡು ತುದಿ ನೇರವಾಗಿ ಜೋತುಬಿದ್ದಿದ್ದರೆ, ಅಥವಾ ಮುಂದಲೆಯ ಕೂದಲು ಮಾತ್ರ ಅಲೆಯಾಗಿ ಉಳಿದರೆ, ಆ ಭಾಗದ ಪ್ರೋಟೀನು ಕುಸಿದಿದೆ. ಕೆಲವರು ಇದನ್ನು ‘ಹೀಟ್ ಟ್ರೇನಿಂಗ್’ ಎಂದು ಕರೆದು ಬೇಕೆಂದೇ ಮಾಡಿಕೊಳ್ಳುತ್ತಾರೆ. ಪಳಗಿಸುವುದು ಎಂಬ ಹೆಸರು ಹಿತವಾಗಿದ್ದರೂ ನಡೆಯುವುದು ಹಾನಿಯೇ. ಪ್ರೋಟೀನ್ ಲೇಪಗಳೂ, ಬಂಧ ಕೂಡಿಸುತ್ತೇವೆನ್ನುವ ಹೊಸ ದ್ರಾವಣಗಳೂ ಮುರಿಯುವುದನ್ನು ಸ್ವಲ್ಪ ತಡೆಯಬಹುದು, ಹೋದ ಸುರುಳಿಯನ್ನು ಮರಳಿ ತರಲಾರವು. ಉಳಿಯುವ ದಾರಿ ಬೆಳೆಸಿ ಕತ್ತರಿಸುವುದೇ. ಒಮ್ಮೆಗೇ ಗಿಡ್ಡ ಮಾಡಿಕೊಳ್ಳಲಾಗದವರು ಆರೆಂಟು ವಾರಕ್ಕೊಮ್ಮೆ ಸುಟ್ಟ ತುದಿಯನ್ನು ತುಸುತುಸು ತೆಗೆಸುತ್ತಾರೆ. ಆ ಅವಧಿಯಲ್ಲಿ ಹೊಸ ಸುರುಳಿ ಮತ್ತು ಹಳೆಯ ನೇರ ಭಾಗ ಸೇರುವ ಗಡಿಯೇ ಎಳೆಯ ಅತ್ಯಂತ ದುರ್ಬಲ ಜಾಗ. ಎರಡರ ವ್ಯತ್ಯಾಸ ಮರೆಸಲು ಮತ್ತೆ ಫಲಕ ಹಿಡಿಯುವ ಬದಲು, ಸಡಿಲ ಜಡೆ ಅಥವಾ ಎರಡೆಳೆ ಹೊಸೆತ ಹಾಕಿ ಬಾಚಣಿಗೆಯನ್ನು ದೂರವಿಡಲು ಕೇಶವಿನ್ಯಾಸಕರು ಹೇಳುವುದು ಆ ಗಡಿಯಲ್ಲಿ ಕೂದಲು ತುಂಡಾಗಬಾರದೆಂದು.